ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಬೆನ್ನುನೋವು ಪರ್ಮನೆಂಟಾ?

ಅಮ್ಮನ ಮಂಡಿ ಆಪರೇಷನ್‌ಗೆ ಸ್ಪೈನಲ್ (ಸೊಂಟದ ಕೆಳಗೆ ಮರಗಟ್ಟಿಸೋಕೆ ಬೆನ್ನಿಗೆ ಕೊಡೋ ಇಂಜೆಕ್ಷನ್) ಕೊಟ್ಟರೆ ಬೆನ್ನುನೋವು ಉಳಿದುಬಿಡುತ್ತದಾ, ಬಿಪಿ, ಶುಗರ್ ಮಾತ್ರೆ ಆ ದಿನ ಕೊಡಬಹುದಾ ಅಂತ ಕೇಳಿದ್ದೀರಿ. ಬೆನ್ನುನೋವಿನ ಕಥೆ ಎಲ್ಲರ ಮನೆಯಲ್ಲೂ ಇದೆ, ತಲೆಗೆ ಹಚ್ಚಿಕೊಳ್ಳಬೇಡಿ. ಸಾಮಾನ್ಯವಾಗಿ 25 ಅಥವಾ 27 ಗೇಜಿನ ತೆಳ್ಳಗಿನ ಸೂಜಿ, ಬುಪಿವಕೇನ್ ಅನ್ನೋ ಔಷಧಿ ಕೆಲವೇ ಎಂಎಲ್. ಮೊದಲು ಕಾಲು ಬೆಚ್ಚಗಾಗುತ್ತದೆ, ಆಮೇಲೆ ಭಾರ, ಆಮೇಲೆ ಎತ್ತೋಕೇ ಆಗಲ್ಲ. ಕೆಲವು ಗಂಟೆಯಲ್ಲಿ ಇಳಿಯುತ್ತದೆ. ಚುಚ್ಚಿದ ಜಾಗ ಒಂದೆರಡು ದಿನ ನೋಯಬಹುದು. ಎದ್ದು ಕೂತರೆ ಜಾಸ್ತಿಯಾಗಿ ಮಲಗಿದರೆ ಕಡಿಮೆಯಾಗುವ ತಲೆನೋವು ಬಂದರೆ ಮಾತ್ರ ಸುಮ್ನಿರಬೇಡಿ, ಡಾಕ್ಟರಿಗೆ ಹೇಳಿ.

ಮಾತ್ರೆ ವಿಷಯದಲ್ಲಿ ನೀವೇ ತೀರ್ಮಾನ ಮಾಡಬೇಡಿ, ಚೀಟಿ ಸಮೇತ ಅರಿವಳಿಕೆ ಡಾಕ್ಟರಿಗೆ ತೋರಿಸಿ. ಬಿಪಿ ಮಾತ್ರೆಗಳಲ್ಲಿ ಅಮ್ಲೋಡಿಪಿನ್ ಆದರೆ ಸಾಮಾನ್ಯವಾಗಿ ಬೆಳಿಗ್ಗೆ ಒಂದು ಗುಟುಕು ನೀರಲ್ಲಿ ಕೊಡಿ ಅನ್ನುತ್ತಾರೆ, ಟೆಲ್ಮಿಸಾರ್ಟನ್ ಆದರೆ ಬಿಪಿ ತೀರಾ ಇಳಿದೀತು ಅಂತ ಹಲವರು ಆ ದಿನ ಬೇಡ ಅನ್ನುತ್ತಾರೆ. ಶುಗರ್ ಮಾತ್ರೆಗಳಲ್ಲಿ ಮೆಟ್‌ಫಾರ್ಮಿನ್ ಸಾಮಾನ್ಯವಾಗಿ ಆ ದಿನ ಕೊಡಲ್ಲ. ಡಾಪಾಗ್ಲಿಫ್ಲೋಜಿನ್ ಇದ್ದರೆ 3 ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ರಕ್ತ ತೆಳು ಮಾಡೋ ಕ್ಲೋಪಿಡೋಗ್ರೆಲ್ ಇದೆಯಾ? ಇದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಹಾರ್ಟಿಗೆ ಸ್ಟೆಂಟ್ ಹಾಕಿದ್ದರೆ ಅದನ್ನೂ ಹೇಳಿ.

ಇನ್ನೊಂದು, ಹಾಲು ಹಾಕಿದ ಕಾಫಿ ತಿಂಡಿಯ ಲೆಕ್ಕವೇ, ಅದಕ್ಕೂ ಆಪರೇಷನ್‌ಗೂ 6 ಗಂಟೆ ಅಂತರ ಬೇಕು. ಅಮ್ಮಂದಿರು ಅರ್ಧ ಲೋಟ ತಾನೇ ಅಂತ ಕುಡಿದುಬಿಡುತ್ತಾರೆ, ಕಣ್ಣಿಟ್ಟಿರಿ.