ಡರ್ಬಿಯ ಬಹುಮಾನವಲ್ಲ, ಐದನೇ ದರ್ಜೆಯ ಬಹುಮಾನ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಬೆಂಗಳೂರಿನ ರೇಸ್ ಕುದುರೆ ತರಬೇತುದಾರರೊಬ್ಬರ ಮಾತುಗಳನ್ನು ನಾಲ್ಕು ಪುಟ ತುಂಬ ಪ್ರಕಟಿಸಿದ್ದೀರಿ. ಓಟದ ದಿನಾಂಕ ಸರಿಯಿಲ್ಲ, ನೆಲ ಸರಿಯಿಲ್ಲ, ಬಹುಮಾನ ಸಾಲದು ಎಂಬ ಮೂರು ದೂರುಗಳನ್ನು ಬಿಟ್ಟರೆ ಅದರಲ್ಲಿ ಬೇರೇನಿದೆ? ವರ್ಷದ ದೊಡ್ಡ ಓಟವಾದ ಡರ್ಬಿಗೆ ಕೋಟಿ ಲೆಕ್ಕದಲ್ಲಿ ಹಣ ಇಡುತ್ತಾರೆ. ಕುದುರೆಯೇನು ಕ್ಯಾಲೆಂಡರ್ ನೋಡಿಕೊಂಡು ಓಡುತ್ತದೆಯೇ? ಮಳೆ ಬಂತೆಂದು ಕೊನೆಯ ಗಳಿಗೆಯಲ್ಲಿ ಕುದುರೆಯನ್ನು ಹಿಂದಕ್ಕೆ ಪಡೆಯುವವರ, ಬೇಕೆಂದಾಗ ಸೋಲಿಸಿ ಬೇಕೆಂದಾಗ ಗೆಲ್ಲಿಸುವವರ ಪರವಾಗಿ ಪತ್ರಿಕೆ ಏಕೆ ವಕಾಲತ್ತು ವಹಿಸಬೇಕು? ಇಷ್ಟಕ್ಕೂ ಅದು ಜೂಜು ತಾನೆ? — ಓದುಗರೊಬ್ಬರು, ಮೈಸೂರು

ಸಂಪಾದಕರ ಉತ್ತರ:

ಮಾನ್ಯರೇ, ತಮ್ಮ ಪತ್ರದಲ್ಲಿರುವ ಸಿಟ್ಟಿಗೆ ಕಾರಣವಿದೆ. ಆದರೆ ತಾವು ದಿನಾಂಕ, ನೆಲ, ಬಹುಮಾನ ಎಂದು ಬೇರೆಬೇರೆಯಾಗಿ ಎಣಿಸಿದ ಮೂರು ದೂರುಗಳು ತರಬೇತುದಾರನ ಲಾಯದಲ್ಲಿ ಒಂದೇ ದೂರಾಗಿರುತ್ತವೆ. ಬೇಕೆಂದಾಗ ಸೋಲಿಸುತ್ತಾರೆಂದು ತಾವು ಕೊನೆಯಲ್ಲಿ ಹೊರಿಸಿದ ಆರೋಪ ಎಲ್ಲಕ್ಕಿಂತ ಗಂಭೀರವಾದದ್ದು, ಅದರ ಬೇರು ಕೂಡ ಈ ಮೂರರಲ್ಲಿಯೇ ಇದೆ ಎಂಬುದು ನಮ್ಮ ಅಭಿಪ್ರಾಯ. ಹೀಗಾಗಿ ಉತ್ತರ ಸ್ವಲ್ಪ ದೀರ್ಘವಾಗುತ್ತದೆ.

ಕುದುರೆ ಕ್ಯಾಲೆಂಡರ್ ನೋಡುವುದಿಲ್ಲ ಎಂಬುದು ನಿಜ, ಅದನ್ನು ಓಟಕ್ಕೆ ಸಜ್ಜುಗೊಳಿಸುವವನು ಮಾತ್ರ ನೋಡಲೇಬೇಕಾಗುತ್ತದೆ. ವಿಶ್ರಾಂತಿಯಿಂದ ಮರಳಿದ ಕುದುರೆಗೆ ಮೊದಲ ಕೆಲವು ವಾರ ಮರಳಿನ ಹಾದಿಯಲ್ಲಿ ನಡಿಗೆ, ಟ್ರಾಟ್ ಎಂಬ ಕುಕ್ಕುಲೋಟ, ಕ್ಯಾಂಟರ್ ಎಂಬ ನಿಧಾನದ ಓಟ ಅಷ್ಟೇ ಇರುತ್ತದೆ. ಮೂಳೆ ಮತ್ತು ಸ್ನಾಯುಬಂಧ ಹದಕ್ಕೆ ಬಂದ ಮೇಲೆ 600 ಮೀಟರ್, ಆಮೇಲೆ 1000 ಮೀಟರ್, ಕೊನೆಗೆ ಜೊತೆ ಕುದುರೆಯೊಡನೆ ಚುರುಕಾದ ಗ್ಯಾಲಪ್ (ನಾಗಾಲೋಟ) ಹೀಗೆ ಏರುತ್ತಾ ಹೋಗಿ, ಓಟಕ್ಕೆ ಕೆಲವೇ ದಿನ ಇರುವಾಗ ಕೆಲಸವನ್ನು ತಗ್ಗಿಸಬೇಕು. ಒಂದು ಜೋರು ಗ್ಯಾಲಪ್‌ನಲ್ಲಿ ಖರ್ಚಾದ ಸ್ನಾಯುವಿನ ಗ್ಲೈಕೋಜನ್ (ಶಕ್ತಿಗೆಂದು ಮೈ ಕೂಡಿಟ್ಟ ಸಕ್ಕರೆ) ಮತ್ತೆ ತುಂಬಿಕೊಳ್ಳಲು ಕುದುರೆಗೆ ಎರಡು ಮೂರು ದಿನ ಬೇಕು, ಮನುಷ್ಯನಿಗಿಂತ ಬಹಳ ನಿಧಾನ. ಇಷ್ಟೆಲ್ಲ ಮಾಡಿ ತಲುಪಿದ ತುತ್ತತುದಿಯ ಸಾಮರ್ಥ್ಯವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲು ಬರುವುದಿಲ್ಲ. ಓಟ ಎರಡು ವಾರ ಮುಂದೆ ಹೋಯಿತೆಂದರೆ ಕುದುರೆಯನ್ನು ಇಳಿಸಿ ಮತ್ತೆ ಏರಿಸಬೇಕು, ಏರಿಸುವ ಪ್ರತಿ ಸಲವೂ ಕಾಲಿಗೆ ಅಷ್ಟು ಸವೆತ. ಔಷಧಿಯ ಲೆಕ್ಕವೂ ಇದರಲ್ಲಿ ಸೇರಿದೆ. ನೋವಿಗೆಂದು ಕೊಟ್ಟ ಮದ್ದು ಓಟದ ದಿನದೊಳಗೆ ಮೈಯಿಂದ ಪೂರ್ತಿ ಹೋಗಿರಬೇಕಾದ್ದರಿಂದ, ಓಟದ ದಿನವೇ ಖಚಿತವಿಲ್ಲದಿದ್ದಾಗ ಪಶುವೈದ್ಯರು ಚಿಕಿತ್ಸೆ ಕೊಡಲು ಕೂಡ ಹಿಂದೆಮುಂದೆ ನೋಡುತ್ತಾರೆ.

ದಿನಾಂಕ ಗಟ್ಟಿಯಾಗಿದ್ದರೆ ಏನು ಸಾಧ್ಯ ಎಂಬುದಕ್ಕೆ ಮುಂಬೈಯ ಇಂಡಿಯನ್ ಡರ್ಬಿಯನ್ನು ನೋಡಬಹುದು. 1943ರಲ್ಲಿ ಆರಂಭವಾದ, ಈಗ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ 2400 ಮೀಟರ್ ದೂರಕ್ಕೆ ನಡೆಯುವ ಆ ಓಟಕ್ಕೆ ಫೆಬ್ರುವರಿಯ ಮೊದಲ ಭಾನುವಾರ ಎಂಬುದು ರೂಢಿಯಾಗಿ ನಿಂತಿದೆ. ಬೆಂಗಳೂರಿನಲ್ಲಿ ಲಾಯ ಇಟ್ಟುಕೊಂಡೇ ಆ ಡರ್ಬಿಯನ್ನು ಹಲವು ಬಾರಿ ಗೆದ್ದ ರಶೀದ್ ಬೈರಾಮ್‌ಜಿಯವರಂಥ ತರಬೇತುದಾರರು ಆ ಭಾನುವಾರದಿಂದ ಹಿಂದಕ್ಕೆ ಎಣಿಸುತ್ತ ವರ್ಷದ ಕೆಲಸವನ್ನೇ ಜೋಡಿಸಿಕೊಳ್ಳಲು ಸಾಧ್ಯವಿತ್ತು.

ನಮ್ಮ ಭಾಗದ ಮಾಮೂಲು ಕುದುರೆಗೆ ಈ ಭಾಗ್ಯವಿಲ್ಲ. ಬೇಸಿಗೆಯಲ್ಲಿ ಬೆಂಗಳೂರು, ಮಳೆಗಾಲದಿಂದ ದಸರಾ ಆಚೆಯವರೆಗೆ ಮೈಸೂರು, ಚಳಿಗಾಲಕ್ಕೆ ಮತ್ತೆ ಬೆಂಗಳೂರು, ನಡುವೆ ಊಟಿ ಅಥವಾ ಚೆನ್ನೈ: ದಕ್ಷಿಣದ ತರಬೇತುದಾರರ ವರ್ಷ ಈ ಸುತ್ತಿನಲ್ಲಿ ಸಾಗುತ್ತಿತ್ತು. 2024ರ ಜೂನ್‌ನಲ್ಲಿ ಗುತ್ತಿಗೆ ಬಾಕಿಯ ಕಾರಣಕ್ಕೆ ಊಟಿಯ ರೇಸ್‌ಕೋರ್ಸ್ ಸರ್ಕಾರದ ವಶವಾಯಿತು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಚೆನ್ನೈಯ ಗಿಂಡಿ ರೇಸ್‌ಕೋರ್ಸಿನ ಗುತ್ತಿಗೆಯನ್ನು ತಮಿಳುನಾಡು ಸರ್ಕಾರ ರದ್ದುಮಾಡಿತು. ಬೆಂಗಳೂರಿನಲ್ಲಿಯೂ ಆ ವರ್ಷ ಓಟದ ಪರವಾನಗಿಯ ಪ್ರಶ್ನೆ ಹೈಕೋರ್ಟಿನ ಮೆಟ್ಟಿಲೇರಿತ್ತು. ಈ ಒಂದೊಂದು ತೀರ್ಮಾನದ ಸರಿತಪ್ಪುಗಳನ್ನು ಇಲ್ಲಿ ವಿಚಾರಿಸುತ್ತಿಲ್ಲ. ನೆಲ ಸರ್ಕಾರದ್ದು, ಬಾಡಿಗೆ ಕೇಳುವ ಹಕ್ಕು ಸರ್ಕಾರಕ್ಕಿದೆ. ಆದರೆ ಎರಡು ಮೂರು ವರ್ಷದ ವಯಸ್ಸಿನಲ್ಲಿ ಕಣಕ್ಕಿಳಿದು, ಬಹುಪಾಲು ಏಳೆಂಟು ವರ್ಷದೊಳಗೆ ನಿವೃತ್ತವಾಗುವ ಪ್ರಾಣಿಗೆ, ಕೋರ್ಟಿನಲ್ಲಿ ಕಳೆದುಹೋದ ಒಂದು ಸೀಸನ್ ಮತ್ತೆ ದೊರೆಯುವುದಿಲ್ಲ ಎಂಬುದನ್ನು ಅರ್ಜಿದಾರರೂ ಪ್ರತಿವಾದಿಗಳೂ ನೆನಪಿಡಬೇಕಿತ್ತು.

ಸೀಸನ್ ಸುಗಮವಾಗಿ ನಡೆಯುವಾಗಲೂ ಹೊರಗಿನವರಿಗೆ ಕಾಣದ ಒಂದು ತೊಡಕಿದೆ. ನಮ್ಮಲ್ಲಿ ಕುದುರೆಗಳಿಗೆ ಸಾಮರ್ಥ್ಯ ನೋಡಿ ರೇಟಿಂಗ್ ಎಂಬ ಅಂಕ ಕೊಟ್ಟು ದರ್ಜೆಗಳಾಗಿ ವಿಂಗಡಿಸುತ್ತಾರೆ. ಗೆದ್ದರೆ ರೇಟಿಂಗ್ ಏರುತ್ತದೆ, ಬೆನ್ನ ಮೇಲಿನ ಭಾರವೂ ಏರುತ್ತದೆ. ಯಾವ ದಿನ ಯಾವ ದರ್ಜೆಗೆ ಎಷ್ಟು ದೂರದ ಓಟ ಎಂಬುದನ್ನು ಕ್ಲಬ್ಬಿನ ಪ್ರಾಸ್ಪೆಕ್ಟಸ್ ಹೇಳುತ್ತದೆ. 1600 ಮೀಟರ್‌ಗೆ ಹೇಳಿಮಾಡಿಸಿದಂತಿರುವ ಕೆಳದರ್ಜೆಯ ಕುದುರೆಗೆ ಆ ದೂರದ ಓಟ ಕೆಲವು ವಾರಕ್ಕೊಮ್ಮೆ ಬರುತ್ತದೆ ಎಂದುಕೊಳ್ಳಿ. ಆ ದಿನ ಹೆಸರು ಕೊಟ್ಟ ಕುದುರೆಗಳು ಹೆಚ್ಚಾಗಿ, ಹೆಚ್ಚಾದವನ್ನು ಕೈಬಿಡುವ ಬ್ಯಾಲಟ್‌ನಲ್ಲಿ ಈ ಕುದುರೆ ಹೊರಬಿತ್ತು. ಮುಂದಿನ ಅವಕಾಶಕ್ಕೆ ಕಾಯುತ್ತ ಸುಮ್ಮನೆ ಲಾಯದಲ್ಲಿ ಮೇಯಿಸುವುದೋ, ಅದಕ್ಕೆ ಒಗ್ಗದ 1200 ಮೀಟರ್‌ನಲ್ಲಿ ಓಡಿಸುವುದೋ? ತರಬೇತುದಾರ ಎರಡನೆಯದನ್ನು ಆರಿಸಿಕೊಂಡರೆ ಕುದುರೆ ಹಿಂದೆ ಬೀಳುತ್ತದೆ, ಒಂದು ತಿಂಗಳ ನಂತರ ತನ್ನ ದೂರ ಸಿಕ್ಕಾಗ ಗೆಲ್ಲುತ್ತದೆ. ಸ್ಟ್ಯಾಂಡಿನಲ್ಲಿ ಕುಳಿತವರ ಕಣ್ಣಿಗೆ ಇದು ಬೇಕೆಂದಾಗ ಸೋಲಿಸಿ ಬೇಕೆಂದಾಗ ಗೆಲ್ಲಿಸಿದಂತೆಯೇ ಕಾಣುತ್ತದೆ. ಅಂಥ ಎಲ್ಲ ಸೋಲುಗಳೂ ಹೀಗೆಯೇ ಎಂದು ನಾವು ಹೇಳುತ್ತಿಲ್ಲ, ಆ ಮಾತಿಗೆ ಮುಂದೆ ಬರುತ್ತೇವೆ.

ಇನ್ನು ನೆಲದ ಮಾತು. ಓಟದ ದಿನ ಹುಲ್ಲುಹಾಸಿನ ಮೆತುವನ್ನು ಪೆನೆಟ್ರೋಮೀಟರ್ ಎಂಬ ಸರಳ ಉಪಕರಣದಿಂದ ಅಳೆಯುತ್ತಾರೆ. ಒಂದು ಕಿಲೋ ತೂಕವನ್ನು ಒಂದು ಮೀಟರ್ ಎತ್ತರದಿಂದ ಬೀಳಿಸಿದಾಗ ಕೆಳಗಿನ ಸರಳು ಎಷ್ಟು ಸೆಂಟಿಮೀಟರ್ ನೆಲದೊಳಗೆ ಇಳಿಯಿತು ಎಂಬುದೇ ಆ ಸಂಖ್ಯೆ. ಸಂಖ್ಯೆ ಹೆಚ್ಚಿದಷ್ಟೂ ನೆಲ ಮೆತು. ತರಬೇತುದಾರರು ನೆಲ ಗಟ್ಟಿ ಎಂದೋ ಮೆತು ಎಂದೋ ಗೊಣಗುತ್ತಾರೆಂದು ನಾವು ತಿಳಿದಿರುತ್ತೇವೆ, ಅವರು ನಿಜವಾಗಿ ಹೆದರುವುದು ಒಂದೇ ಸಮನಾಗಿಲ್ಲದ ನೆಲಕ್ಕೆ. ಸುಮಾರು 500 ಕಿಲೋ ತೂಗುವ ಪ್ರಾಣಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ತಿರುವು ದಾಟುವಾಗ, ಪ್ರತಿ ಹೆಜ್ಜೆಯಲ್ಲೂ ಒಂದು ಗಳಿಗೆ ಅದರ ಇಡೀ ಭಾರ, ಅದಕ್ಕಿಂತಲೂ ಹೆಚ್ಚಿನ ಒತ್ತಡ, ಒಂದೇ ಕಾಲಿನ ಮೇಲಿರುತ್ತದೆ. ಹತ್ತು ಹೆಜ್ಜೆ ಗಟ್ಟಿ ನೆಲ ಸಿಕ್ಕು ಹನ್ನೊಂದನೆಯದು ಹೂತರೆ ಸ್ನಾಯುಬಂಧ ಹರಿಯುವುದು ಅಲ್ಲಿ. ಮೇ ತಿಂಗಳ ಬೆಂಗಳೂರಿನಲ್ಲಿ ಬೆಳಗ್ಗೆ ನೀರುಣಿಸಿದ ಟ್ರ್ಯಾಕಿನ ಮೇಲೆ ಮಧ್ಯಾಹ್ನ ಗುಡುಗುಮಳೆ ಸುರಿದರೆ ಬೆಳಗಿನ ಸಂಖ್ಯೆಗೆ ಬೆಲೆಯಿಲ್ಲ. ಎಳೆಯ ಕುದುರೆಗೆ ಗಟ್ಟಿ ನೆಲದಲ್ಲಿ ಮುಂಗಾಲಿನ ಮೂಳೆ ನೋಯುತ್ತದೆ, ಒಮ್ಮೆ ಸ್ನಾಯುಬಂಧಕ್ಕೆ ಪೆಟ್ಟಾದ ಹಳೆಯ ಕುದುರೆಗೆ ಕೆಸರು ಅಪಾಯ. ಒಳಬದಿಯ ಹುಲ್ಲು ಸವೆಯದಿರಲೆಂದು ಫಾಲ್ಸ್ ರೇಲ್ ಎಂಬ ತಾತ್ಕಾಲಿಕ ಬೇಲಿ ಹಾಕಿ ಓಟದ ಹಾದಿಯನ್ನು ಕೆಲವು ಮೀಟರ್ ಹೊರಕ್ಕೆ ಸರಿಸುವ ಪದ್ಧತಿಯಿದೆ. ಅದನ್ನು ಸರಿಸಿದಾಗ ಯಾವ ಗೇಟಿನಿಂದ ಹೊರಟವನಿಗೆ ಅನುಕೂಲ ಎಂಬುದೂ ಬದಲಾಗುತ್ತದೆ.

ಈ ವಿಷಯದಲ್ಲಿ ಮಾತ್ರ ನಾವು ಲೇಖನದ ತರಬೇತುದಾರರ ಪೂರ್ತಿ ಪರವಾಗಿಲ್ಲ. ಮಳೆ ಬಂದರೆ ಕಾರಣ ಹೇಳದೆ ಕುದುರೆಯನ್ನು ಹಿಂದಕ್ಕೆ ಪಡೆಯುವ ಹಕ್ಕು ಬೇಕು ಎಂದು ಅವರು ಕೇಳಿದ್ದರು. ಪಶುವೈದ್ಯರ ಪ್ರಮಾಣಪತ್ರವೋ, ಓಟದ ಮೇಲ್ವಿಚಾರಕರಾದ ಸ್ಟೀವರ್ಡರ ಒಪ್ಪಿಗೆಯೋ ಇಲ್ಲದೆ ಹೀಗೆ ಮಾಡಲು ಬಿಟ್ಟರೆ ತಮ್ಮಂಥವರ ಅನುಮಾನ ಇಮ್ಮಡಿಯಾಗುತ್ತದೆ, ಆಗಬೇಕಾದದ್ದೂ ಹೌದು. ಅದಕ್ಕಿಂತ, ಇಡೀ ಟ್ರ್ಯಾಕಿಗೆ ಒಂದೇ ಸರಾಸರಿ ಸಂಖ್ಯೆ ಕೊಡುವ ಬದಲು ತಿರುವು, ನೇರ ಹಾದಿ, ಒಳಬದಿ, ಹೊರಬದಿ ಎಂದು ಬಿಡಿಬಿಡಿಯಾಗಿ ಅಳೆದು, ಮಳೆ ಬಂದಾಗ ಮತ್ತೆ ಅಳೆದು ಪ್ರಕಟಿಸಲಿ. ಆಗ ಕುದುರೆಯನ್ನು ಹಿಂದಕ್ಕೆ ಪಡೆದವನ ಕಾರಣವನ್ನು ಯಾರು ಬೇಕಾದರೂ ಪರೀಕ್ಷಿಸಬಹುದು.

ಬಹುಮಾನದ ವಿಷಯಕ್ಕೆ ಬರುವಾಗ ತಾವು ಡರ್ಬಿಯಿಂದ ಆರಂಭಿಸಿದ್ದೀರಿ, ಎಲ್ಲರೂ ಅಲ್ಲಿಂದಲೇ ಆರಂಭಿಸುತ್ತಾರೆ. ಡರ್ಬಿಯಲ್ಲಿ ಓಡುವವು ಒಂದು ಪೀಳಿಗೆಯ ಬೆರಳೆಣಿಕೆಯ ಕುದುರೆಗಳು. ಉಳಿದವು ಕೆಳಗಿನ ದರ್ಜೆಗಳಲ್ಲಿ ಬದುಕುತ್ತವೆ, ಮತ್ತು ಐದನೇ ದರ್ಜೆಯ ಕುದುರೆ ಡರ್ಬಿ ಕುದುರೆಗಿಂತ ಒಂದು ಹಿಡಿ ಕಡಿಮೆ ತಿನ್ನುವುದಿಲ್ಲ. ಓಟ್ಸ್, ಬೂಸಾ, ಕುದುರೆಮಸಾಲೆ ಸೊಪ್ಪು, ಒಣಹುಲ್ಲು, ಲಾಳ, ವೈದ್ಯರ ಖರ್ಚು, ಕುದುರೆ ನೋಡಿಕೊಳ್ಳುವ ಸೈಸ್‌ನ ಸಂಬಳ, ಬೆಳಗಿನ ಸವಾರನ ಸಂಬಳ, ಬೆಂಗಳೂರಿನಿಂದ ಮೈಸೂರಿಗೆ ಸಾಗಿಸುವ ವಾಹನ ಇವೆಲ್ಲವೂ ರೇಟಿಂಗ್ ನೋಡಿ ಬೆಲೆ ಇಳಿಸಿಕೊಳ್ಳುವುದಿಲ್ಲ. 2020ರ ಮಾರ್ಚ್‌ನಲ್ಲಿ ದೇಶದ ಓಟಗಳೆಲ್ಲ ನಿಂತಾಗಲೂ ಈ ಖರ್ಚು ನಿಲ್ಲಲಿಲ್ಲ. ಬಹುಮಾನದಲ್ಲಿ ತರಬೇತುದಾರ, ಜಾಕಿ, ಲಾಯದವರು ತಮ್ಮತಮ್ಮ ನಿಗದಿತ ಪಾಲು ಪಡೆದ ಮೇಲೆ ಉಳಿದದ್ದು ಮಾಲೀಕನದು. ವರ್ಷಕ್ಕೆ ಒಂದು ಓಟ ಗೆದ್ದು, ಎರಡು ಮೂರು ಸಲ ಮೂರನೆಯದೋ ನಾಲ್ಕನೆಯದೋ ಆಗಿ ಬಂದ ಕುದುರೆ ತನ್ನ ವರ್ಷದ ಖರ್ಚನ್ನು ತಾನೇ ದುಡಿಯಬೇಕು. ಬಹುಮಾನ ಸಾಕೋ ಸಾಲದೋ ಎಂಬುದಕ್ಕೆ ನಮಗೆ ತೋರುವ ಅಳತೆ ಇದು.

ಆ ಹಣ ಎಲ್ಲಿಂದ ಬರಬೇಕು? ಪ್ರಾಯೋಜಕರು ಕೊಡುವುದನ್ನೂ ಮಾಲೀಕರು ಕಟ್ಟುವ ಪ್ರವೇಶಧನವನ್ನೂ ಬಿಟ್ಟರೆ, ಮುಖ್ಯವಾಗಿ ಪಣದ ಹಣದಲ್ಲಿ ಕ್ಲಬ್ಬಿಗೆ ಸಿಗುವ ಕಮಿಷನ್‌ನಿಂದ. 2017ರಲ್ಲಿ ಜಿಎಸ್‌ಟಿ ಬಂದಾಗ ಕಮಿಷನ್ ಮೇಲೆ ಹಾಕುವ ಬದಲು ಪಣದ ಪೂರ್ತಿ ಮೊತ್ತದ ಮೇಲೆ ಶೇ 28 ತೆರಿಗೆ ಬಿತ್ತು. ಇದಕ್ಕೆ ಆಧಾರವಾಗಿದ್ದ ನಿಯಮವನ್ನು ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ 2021ರಲ್ಲಿ ತಳ್ಳಿಹಾಕಿತು. 2023ರ ಅಕ್ಟೋಬರ್‌ನಿಂದ ಕಾನೂನನ್ನೇ ತಿದ್ದಿ ಪೂರ್ತಿ ಮೊತ್ತದ ಮೇಲಿನ ತೆರಿಗೆಯನ್ನು ಗಟ್ಟಿಮಾಡಲಾಯಿತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ 40 ಆಗಿದೆ. ತೆರಿಗೆ ಕಟ್ಟದೆ ಫೋನಿನಲ್ಲಿ ಪಣ ತೆಗೆದುಕೊಳ್ಳುವ ಕಳ್ಳ ಬುಕ್ಕಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಯಾರೂ ಮಾಡಲಾರರು. ಹಾಂಗ್‌ಕಾಂಗ್ 2006ರಲ್ಲಿಯೇ ಪಣದ ಮೊತ್ತದ ಮೇಲಿನ ಸುಂಕವನ್ನು ಕೈಬಿಟ್ಟು, ಗೆದ್ದವರಿಗೆ ಹಂಚಿ ಉಳಿದದ್ದರ ಮೇಲೆ ಸುಂಕ ಹಾಕತೊಡಗಿತು. ಅಲ್ಲಿನ ದರ ಶೇ 70ನ್ನೂ ಮೀರುತ್ತದೆ, ಆದರೂ ಓಟ ಬದುಕಿದೆ, ಬಹುಮಾನಗಳು ಏಷ್ಯಾದಲ್ಲಿಯೇ ಮೇಲ್ಮಟ್ಟದಲ್ಲಿವೆ. ಬ್ರಿಟನ್ನಿನಲ್ಲಿ ಇಂಥದೇ ಉಳಿಕೆಯ ಮೇಲಿನ ಶೇ 15ರ ತೆರಿಗೆ ಏರೀತೆಂಬ ಆತಂಕಕ್ಕೇ 2025ರ ಸೆಪ್ಟೆಂಬರ್ 10ರಂದು ಒಂದು ದಿನದ ಓಟಗಳನ್ನೆಲ್ಲ ನಿಲ್ಲಿಸಿ ಪ್ರತಿಭಟಿಸಿದರು. ನಮ್ಮವರು ಆ ಮಟ್ಟಿಗೆ ಸಾಧುಗಳು.

ಈಗ ತಮ್ಮ ಕೊನೆಯ ಆರೋಪ. ಕುದುರೆಯನ್ನು ಬೇಕೆಂದೇ ತಡೆಹಿಡಿಯುವುದು ರೇಸಿನಲ್ಲಿ ನಡೆಯುವುದೇ ಇಲ್ಲ ಎಂದು ನಾವು ಹೇಳಲಾರೆವು. ಸ್ಟೀವರ್ಡರು ವಿಚಾರಣೆ ನಡೆಸಿ ಜಾಕಿ, ತರಬೇತುದಾರರನ್ನು ಅಮಾನತು ಮಾಡಿದ ನಿದರ್ಶನಗಳು ಎಲ್ಲ ದೇಶಗಳಲ್ಲೂ ಇವೆ. ಆದರೆ ಪ್ರಲೋಭನೆ ಎಲ್ಲಿ ಹೆಚ್ಚು ಎಂಬುದನ್ನು ಗಮನಿಸಿ. ಡರ್ಬಿಯಲ್ಲಿ ಕುದುರೆಯನ್ನು ತಡೆಯುವವನಿಗೆ ಹುಚ್ಚು ಹಿಡಿದಿರಬೇಕು, ಏಕೆಂದರೆ ಗೆದ್ದರೆ ಬರುವ ಹಣ, ಆಮೇಲೆ ಸ್ಟಡ್ ಫಾರ್ಮಿನಲ್ಲಿ ಅದಕ್ಕೆ ಸಿಗುವ ಬೆಲೆ, ಎರಡೂ ಯಾವ ಪಣಕ್ಕಿಂತಲೂ ದೊಡ್ಡವು. ಐದನೇ ದರ್ಜೆಯಲ್ಲಿ ಮೊದಲ ಬಹುಮಾನ ಕೆಲವು ತಿಂಗಳ ಮೇವಿಗೂ ಸಾಲದಿದ್ದಾಗ, ಈಗ ಸೋತು ರೇಟಿಂಗ್ ಇಳಿಸಿಕೊಂಡು ಮುಂದೊಮ್ಮೆ ದೊಡ್ಡ ದರಕ್ಕೆ ಪಣ ಕಟ್ಟಿ ಗೆಲ್ಲುವುದೇ ಲಾಭವೆಂಬ ಲೆಕ್ಕ ಹುಟ್ಟುತ್ತದೆ. ಮುಂದಿನ ಸೀಸನ್ ನಡೆಯುವುದೇ ಅನುಮಾನವಾದರೆ ಆ ಲೆಕ್ಕಕ್ಕೆ ಅವಸರವೂ ಸೇರಿಕೊಳ್ಳುತ್ತದೆ. ಸ್ಟೀವರ್ಡರ ಕ್ಯಾಮೆರಾಗಳು ಇದನ್ನು ಒಂದಿಷ್ಟು ತಡೆಯಬಲ್ಲವು. ಪ್ರಾಮಾಣಿಕವಾಗಿ ಗೆದ್ದರೆ ಹೊಟ್ಟೆ ತುಂಬುವಷ್ಟು ಕೆಳದರ್ಜೆಯ ಬಹುಮಾನ ಇರುವುದು ಅದಕ್ಕಿಂತ ಹೆಚ್ಚು ತಡೆಯುತ್ತದೆ. ಆದ್ದರಿಂದ ಕ್ಲಬ್ಬುಗಳು ಪ್ರಾಯೋಜಕರ ಹಣವನ್ನೆಲ್ಲ ಡರ್ಬಿಯ ತಲೆಗೆ ಸುರಿದು ಪತ್ರಿಕೆಗಳಲ್ಲಿ ದೊಡ್ಡ ಅಂಕಿ ಹಾಕಿಸಿಕೊಳ್ಳುವುದು ನಮಗೆ ಒಪ್ಪಿಗೆಯಿಲ್ಲ. ತರಬೇತುದಾರರು ಇದನ್ನು ಬಹಿರಂಗವಾಗಿ ಹೇಳಲು ಅಂಜುತ್ತಾರೆ, ಡರ್ಬಿ ಕುದುರೆಗಳ ಮಾಲೀಕರೇ ಅವರ ಲಾಯದ ದೊಡ್ಡ ಗಿರಾಕಿಗಳಲ್ಲವೇ.

ಜೂಜೇ ಎಂಬ ಪ್ರಶ್ನೆಗೆ ಕಾನೂನಿನ ಉತ್ತರ ಚಿಕ್ಕದು. 1996ರಲ್ಲಿ ಮದ್ರಾಸಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಕುದುರೆ ರೇಸು ಮುಖ್ಯವಾಗಿ ಕೌಶಲದ ಆಟ ಎಂದು ತೀರ್ಪಿತ್ತಿದೆ. ತೆರಿಗೆಯ ಪಟ್ಟಿ ಅದನ್ನು ಕ್ಯಾಸಿನೋ, ಲಾಟರಿಗಳ ಸಾಲಿನಲ್ಲಿಯೇ ಕೂರಿಸಿದೆ. ನೀತಿಯ ದೃಷ್ಟಿಯಿಂದ ತಾವು ಒಪ್ಪದಿರಬಹುದು, ಅದಕ್ಕೆ ನಮ್ಮ ತಕರಾರಿಲ್ಲ.

ತಾವು ಮೈಸೂರಿನವರಾದ್ದರಿಂದ ಒಂದು ಸಲಹೆ. ಮುಂದಿನ ದಸರಾ ಹೊತ್ತಿಗೆ ಯಾವುದಾದರೂ ರೇಸ್ ದಿನದ ಪುಸ್ತಿಕೆ ಕೊಂಡು ಮೈಸೂರು ಡರ್ಬಿಯ ಪುಟವನ್ನು ಬಿಟ್ಟುಬಿಡಿ. ಅತಿ ಕೆಳದರ್ಜೆಯ ಓಟದ ಒಟ್ಟು ಬಹುಮಾನವನ್ನು ಅದರಲ್ಲಿ ಓಡುವ ಕುದುರೆಗಳ ಸಂಖ್ಯೆಯಿಂದ ಭಾಗಿಸಿ. ಬಂದ ಮೊತ್ತವನ್ನು ಹಿಡಿದು, ಪರಿಚಯದ ಯಾವ ಲಾಯದವರನ್ನಾದರೂ ಒಂದು ಕುದುರೆಯ ತಿಂಗಳ ಖರ್ಚು ಎಷ್ಟೆಂದು ವಿಚಾರಿಸಿ ನೋಡಿ. ತಮಗೆ ದೊರೆತ ಎರಡು ಅಂಕಿಗಳನ್ನು ಬರೆದು ಕಳುಹಿಸಿದರೆ, ಅವು ನಮ್ಮ ವಾದಕ್ಕೆ ವಿರುದ್ಧವಾಗಿದ್ದರೂ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.