ಪಿಂಕ್ ಫ್ಲಾಯ್ಡ್‌ನ ‘ದಿ ವಾಲ್’ ಕೇಳಿ ಬೋರ್ ಆಯ್ತು. ನನ್ನ ಕಿವೀನೇ ಸರಿ ಇಲ್ವಾ?

ನಿಮ್ಮ ಕಿವಿ ಸರಿಯಾಗೇ ಇದೆ. ಸ್ನೇಹಿತರೆಲ್ಲ ಇದಕ್ಕಿಂತ ದೊಡ್ಡ ರಾಕ್ ಆಲ್ಬಮ್ ಇಲ್ಲ ಅಂತಾರೆ, ನನಗೆ ಅರ್ಧ ದಾಟೋಷ್ಟರಲ್ಲಿ ಸಾಕಾಯ್ತು ಅಂತ ಬರೆದಿದ್ದೀರಿ. ಅಡ್ಡಗೋಡೆ ಮೇಲೆ ದೀಪ ಇಡೋದು ಬೇಡ, ನೇರವಾಗೇ ಹೇಳ್ತೀನಿ: ಅದರಲ್ಲಿರೋದು ಒಂದು ಗ್ರಾಮಫೋನ್ ತಟ್ಟೆಗೆ, ಅಂದ್ರೆ ಒಂದು ಎಲ್‌ಪಿಗೆ ಆಗುವಷ್ಟು ಸಂಗೀತ. ಅದನ್ನ ಎಳೆದು ಎರಡು ಎಲ್‌ಪಿ ಮಾಡಿದ್ದಾರೆ. 26 ಹಾಡು, ಎಂಬತ್ತು ನಿಮಿಷ. 2002ರಲ್ಲಿ, ಈ ಬ್ರಿಟಿಷ್ ಬ್ಯಾಂಡಿನಲ್ಲಿ ಬಾಸ್ ಗಿಟಾರ್ ನುಡಿಸಿ ಈ ಆಲ್ಬಮ್ಮಿನ ಬಹುಪಾಲು ಬರೆದ ರಾಜರ್ ವಾಟರ್ಸ್ ಬೆಂಗಳೂರಿಗೇ ಬಂದು ಅರಮನೆ ಮೈದಾನದಲ್ಲಿ ಹಾಡಿ ಹೋದ ಮೇಲಂತೂ ಇಲ್ಲಿ ಇದನ್ನ ಬಾಯಿಬಿಟ್ಟು ಹೇಳೋದು ಕಷ್ಟ. ಆದರೂ ಹೇಳ್ತಿದ್ದೀನಿ, ನಾನೂ ಫ್ಲಾಯ್ಡ್ ಹುಚ್ಚನೇ.

ಒಬ್ಬ ರಾಕ್ ಹಾಡುಗಾರ ತನ್ನ ಸುತ್ತ ಗೋಡೆ ಕಟ್ಟಿಕೊಳ್ಳೋ ಕಥೆ ಏನೋ ಗಟ್ಟಿಯಾಗೇ ಇದೆ. 1977ರಲ್ಲಿ ಮಾಂಟ್ರಿಯಲ್‌ನ ಸ್ಟೇಡಿಯಮ್‌ನಲ್ಲಿ ಗಲಾಟೆ ಮಾಡ್ತಿದ್ದ ಒಬ್ಬ ಅಭಿಮಾನಿಯ ಮೇಲೆ ವಾಟರ್ಸ್ ಉಗಿದುಬಿಟ್ಟ. ಆಮೇಲೆ ತನಗೇ ಹೇಸಿಗೆಯಾಗಿ, ಹಾಡೋನಿಗೂ ಕೇಳೋರಿಗೂ ನಡುವೆ ಒಂದು ಗೋಡೆ ಇದೆ ಅನ್ನೋ ಯೋಚನೆ ಹುಟ್ಟಿತು. ಅಪ್ಪ 1944ರಲ್ಲಿ ಇಟಲಿಯ ಆಂಜಿಯೊ ಯುದ್ಧದಲ್ಲಿ ಸತ್ತಾಗ ಈತ ಇನ್ನೂ ಕೈಗೂಸು. ಆ ನೋವು ಸುಳ್ಳಲ್ಲ. ತೊಂದರೆ ಏನಂದ್ರೆ, ಕಥೆ ಮುಂದಕ್ಕೆ ಹೋಗಲಿ ಅಂತಲೇ ಅರ್ಧ ಹಾಡುಗಳು ಹುಟ್ಟಿವೆ. ‘ವೆರಾ’, ‘ಸ್ಟಾಪ್’ ಇವೆಲ್ಲ ಕಂಪನಿ ನಾಟಕದಲ್ಲಿ ಪರದೆ ಬದಲಾಯಿಸೋವಾಗ ನುಡಿಸೋ ಹಾರ್ಮೋನಿಯಂ ಥರ. ನಾಟಕ ನೋಡ್ತಾ ಇದ್ರೆ ನಡೆಯುತ್ತೆ, ಬರೀ ಕೇಳ್ತಾ ಕೂತವನಿಗೆ ಏನು ಸಿಕ್ಕಿತು?

ಈಗ ಆಲ್ಬಮ್ ಮೇಲೆ ಯಾರ್ಯಾರ ಹೆಸರಿದೆ ನೋಡಿ. ಗಿಟಾರಿನ ಡೇವಿಡ್ ಗಿಲ್ಮೋರ್ ಹೆಸರು ರಚನೆಕಾರ ಅಂತ ಇರೋದು ಮೂರೇ ಹಾಡಿಗೆ: ‘ಯಂಗ್ ಲಸ್ಟ್’, ‘ರನ್ ಲೈಕ್ ಹೆಲ್’, ‘ಕಂಫರ್ಟಬ್ಲಿ ನಂಬ್’. ಜನ ಈ ಆಲ್ಬಮ್ಮಿನಿಂದ ಇವತ್ತಿಗೂ ಮತ್ತೆ ಮತ್ತೆ ಕೇಳೋ ಹಾಡುಗಳಲ್ಲಿ ಎರಡು ಅಲ್ಲೇ ಸಿಕ್ಕವು. ‘ಅನದರ್ ಬ್ರಿಕ್ ಇನ್ ದಿ ವಾಲ್’ ವಾಟರ್ಸ್‌ದೇ, ಒಪ್ಪಿದೆ. ಆದರೆ ಅದಕ್ಕೆ ಡಿಸ್ಕೊ ತಾಳ ಹಾಕಿಸಿ, ಲಂಡನ್ನಿನ ಇಸ್ಲಿಂಗ್ಟನ್‌ನ ಶಾಲಾ ಮಕ್ಕಳ ಕೈಲಿ ಹಾಡಿಸಿ ಹಿಟ್ ಆಗೋ ಹಾಗೆ ಮಾಡಿದ್ದು ನಿರ್ಮಾಪಕ ಬಾಬ್ ಎಜ್ರಿನ್. ಕೀಬೋರ್ಡಿನ ರಿಚರ್ಡ್ ರೈಟ್‌ನನ್ನಂತೂ ರೆಕಾರ್ಡಿಂಗ್ ನಡೀತಿದ್ದಾಗಲೇ ಬ್ಯಾಂಡಿನಿಂದ ಹೊರಗೆ ಹಾಕಿದರು. ಆಗ ಅವನಿಂದ ಹೆಚ್ಚೇನೂ ಬರ್ತಿರಲಿಲ್ಲ ಅನ್ನೋದೂ ನಿಜವೇ. ತಮಾಷೆ ಅಂದ್ರೆ, ಮುಂದಿನ ಪ್ರವಾಸದಲ್ಲಿ ಅವನು ಸಂಬಳಕ್ಕೆ ನುಡಿಸಿದ. ವೇದಿಕೆ ಮೇಲೆ ಗೋಡೆ ಕಟ್ಟಿ ಕೆಡವೋ ಖರ್ಚಿಗೆ ಉಳಿದ ಮೂವರು ಕೈ ಸುಟ್ಟುಕೊಂಡರು, ದುಡ್ಡು ಮಾಡಿದ್ದು ಇವನೊಬ್ಬನೇ.

ನನ್ನ ಪ್ರಕಾರ ‘ದಿ ವಾಲ್’ನಲ್ಲಿ ಇಲ್ಲದ್ದೇ ರೈಟ್. ನಂಬಿಕೆ ಇಲ್ಲ ಅಂದ್ರೆ 1975ರ ‘ವಿಶ್ ಯೂ ವರ್ ಹಿಯರ್’ ಹಾಕಿ. ಅದರ ಮೊದಲ ಹಾಡು ‘ಶೈನ್ ಆನ್’ ಶುರುವಾಗೋದು ರೈಟ್‌ನ ಸಿಂತ್‌ನಿಂದ. ಆ ಎಲೆಕ್ಟ್ರಾನಿಕ್ ಕೀಬೋರ್ಡಿನ ಅಡಿಯಲ್ಲಿ, ನೀರು ತುಂಬಿದ ವೈನ್ ಗ್ಲಾಸಿನ ಅಂಚನ್ನ ಬೆರಳಲ್ಲಿ ಉಜ್ಜಿ ಹೊರಡಿಸಿದ ನಾದ ಇದೆ. ಹೆಚ್ಚುಕಮ್ಮಿ ನಾಲ್ಕು ನಿಮಿಷ ಆದಮೇಲೆ ಗಿಲ್ಮೋರ್‌ನ ಗಿಟಾರಿನಿಂದ ನಾಲ್ಕೇ ಸ್ವರ ಬೀಳುತ್ತೆ. ನಾಲ್ಕನೆಯದು ಆ ಹಾಡಿರೋ ಜಿ ಮೈನರ್ ಸ್ಕೇಲಿನದ್ದೇ ಅಲ್ಲ. ನಮ್ಮ ಕರ್ನಾಟಕ ಸಂಗೀತದ ಲೆಕ್ಕದಲ್ಲಿ ಶುದ್ಧ ಧೈವತ ಇರಬೇಕಾದ ಕಡೆ ಅದಕ್ಕಿಂತ ಅರ್ಧ ಸ್ವರ ಮೇಲಿನ ಚತುಃಶ್ರುತಿ ಧೈವತ. ಅದೊಂದರಿಂದಲೇ ಮೈ ಜುಂ ಅನ್ನುತ್ತೆ. ಮೊದಲ ಸಾಲು ಹಾಡೋಷ್ಟರಲ್ಲಿ ಎಂಟು ನಿಮಿಷ ದಾಟಿರುತ್ತೆ, ಗಡಿಯಾರ ನೋಡಬೇಕು ಅಂತ ಒಮ್ಮೆಯೂ ಅನ್ಸಲ್ಲ. ‘ದಿ ವಾಲ್’ನಲ್ಲಿ ಎಂಟು ನಿಮಿಷಕ್ಕೆ ಮೂರು ಹಾಡು ಮುಗಿಸಿ, ಅಮ್ಮ, ಮೇಷ್ಟ್ರು, ಹೆಂಡತಿ ಎಲ್ಲರನ್ನೂ ಬೈದಾಗಿರುತ್ತೆ.

ಹಾಗಂತ ವಾಟರ್ಸ್ ಬೇಕಿರಲಿಲ್ಲ ಅಂತಲ್ಲ. ಅವನು ಹೋದಮೇಲೆ 1987ರಲ್ಲಿ ಬಂದ ‘ಎ ಮೊಮೆಂಟರಿ ಲ್ಯಾಪ್ಸ್ ಆಫ್ ರೀಸನ್’ ನೀಟಾಗಿ ಪಾಲಿಶ್ ಮಾಡಿದ ಖಾಲಿ ಡಬ್ಬ. ಅದಕ್ಕೆ ಮುಂಚಿನ 1983ರ ‘ದಿ ಫೈನಲ್ ಕಟ್’ ಪೂರ್ತಿ ವಾಟರ್ಸ್‌ದೇ. ರೈಟ್ ಇಲ್ಲವೇ ಇಲ್ಲ, ಮತ್ತೆ ಅಪ್ಪ, ಮತ್ತೆ ಯುದ್ಧ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ.

ವಾಟರ್ಸ್‌ನ ಸಿಟ್ಟೂ ಬೇಕು, ಬ್ಯಾಂಡೂ ಬೇಕು ಅಂದ್ರೆ 1977ರ ‘ಅನಿಮಲ್ಸ್’ ಕೇಳಿ. ಮೂರು ಉದ್ದದ ಹಾಡು, ಹಿಂದೆ ಮುಂದೆ ಎರಡು ಚಿಕ್ಕದು, ಅಷ್ಟೇ. ‘ಡಾಗ್ಸ್’ ಹದಿನೇಳು ನಿಮಿಷ. ಅರ್ಧ ಗಿಲ್ಮೋರ್ ಹಾಡ್ತಾನೆ, ಉಳಿದದ್ದು ವಾಟರ್ಸ್, ಇಬ್ಬರೂ ಒಬ್ಬರನ್ನೊಬ್ಬರು ಮೀರಿಸೋಕೆ ಹೊರಟ ಹಾಗಿದೆ. ‘ಶೀಪ್’ ಶುರುವಿನಲ್ಲಿ ಎಲೆಕ್ಟ್ರಿಕ್ ಪಿಯಾನೊ ಮೇಲೆ ತಣ್ಣಗೆ ಓಡಾಡೋ ಬೆರಳು ರೈಟ್‌ದು. ಇಡೀ ಆಲ್ಬಮ್ಮಿನಲ್ಲಿ ರಚನೆಕಾರ ಅಂತ ಅವನ ಹೆಸರು ಒಂದು ಕಡೆಯೂ ಇಲ್ಲ. ಅನ್ಯಾಯ ಅನ್ನೋದು ನನ್ನ ಅಭಿಪ್ರಾಯ.

ಇಷ್ಟಾದಮೇಲೂ ‘ದಿ ವಾಲ್’ ಎಸೆದುಬಿಡಬೇಡಿ. ‘ಮದರ್’, ‘ಹೇ ಯೂ’, ‘ನೋಬಡಿ ಹೋಮ್’, ‘ಕಂಫರ್ಟಬ್ಲಿ ನಂಬ್’, ‘ರನ್ ಲೈಕ್ ಹೆಲ್’ ಇಷ್ಟನ್ನ ಒಂದು ಪ್ಲೇಲಿಸ್ಟ್ ಮಾಡಿಕೊಳ್ಳಿ. ‘ಕಂಫರ್ಟಬ್ಲಿ ನಂಬ್’ನ ಕೊನೇ ಗಿಟಾರ್ ಸೋಲೊ ಒಂದೇ ಉಸಿರಿನಲ್ಲಿ ಬಂದ ಹಾಗೆ ಕೇಳಿಸುತ್ತೆ. ಅಸಲಿಗೆ ಗಿಲ್ಮೋರ್ ಐದಾರು ಸಲ ನುಡಿಸಿ, ಒಂದೊಂದರಲ್ಲೂ ಚೆನ್ನಾಗಿರೋ ತುಣುಕು ಆರಿಸಿ ಜೋಡಿಸಿದ್ದು. ಹೆಡ್‌ಫೋನ್ ಹಾಕಿ ಕೇಳಿ, ಜೋಡಿಸಿದ ಜಾಗ ಸಿಕ್ಕರೆ ಕೆಳಗೆ ಕಾಮೆಂಟ್ ಹಾಕಿ. ‘ದಿ ಟ್ರಯಲ್’ ಯಾಕೆ ಪಟ್ಟಿಯಲ್ಲಿಲ್ಲ ಅಂತ ಮಾತ್ರ ಕೇಳಬೇಡಿ, ಅದನ್ನ ನಿಮ್ಮ ಸ್ನೇಹಿತರೇ ಕೇಳ್ಕೊಳ್ಳಲಿ.