ಮೊದಲ ಬಯಾಪ್ಸಿಯಲ್ಲಿ ಅಪಾಯವಿಲ್ಲ ಅಂದರು, ಎರಡನೆಯದರಲ್ಲಿ ಬೆವರು ಗ್ರಂಥಿಯ ಕ್ಯಾನ್ಸರ್ ಅಂತ ಬಂದಿದೆ. ಯಾವುದನ್ನು ನಂಬಬೇಕು?

ನಿಮ್ಮ ತಾಯಿಯ ಮೇಲ್ತುಟಿಯ ಪಕ್ಕ ವರ್ಷಗಳಿಂದ ಒಂದು ಗಟ್ಟಿ ಗಂಟಿದೆ. ಮೊದಲ ರಿಪೋರ್ಟಿನಲ್ಲಿ 'ಸಿರಿಂಗೋಮಾ' (ಬೆವರು ನಾಳದ ಅಪಾಯವಿಲ್ಲದ ಗಂಟು) ಅಂತ ಬಂತು, ಈಗ ಆಳದಿಂದ ತೆಗೆದ ತುಣುಕಿನಲ್ಲಿ 'ಮೈಕ್ರೋಸಿಸ್ಟಿಕ್ ಅಡ್ನೆಕ್ಸಲ್ ಕಾರ್ಸಿನೋಮಾ', ಅಂದರೆ ಬೆವರು ಗ್ರಂಥಿಯ ಒಂದು ಬಗೆಯ ಕ್ಯಾನ್ಸರ್. ಕೀಮೋ ಬೇಕಾ ಅಂತಲೂ ಕೇಳಿದ್ದೀರಿ. ನಾನು ಪೆಥಾಲಜಿಸ್ಟ್, ಸ್ಲೈಡ್ ನೋಡಿ ರಿಪೋರ್ಟ್ ಬರೆಯುವವನು. ನನ್ನ ಓಟು ಆಳದಿಂದ ತೆಗೆದದ್ದಕ್ಕೆ.

ಹಾಗಂತ ಮೊದಲನೆಯವರನ್ನು ಬೈಯಬೇಡಿ. 1982ರಲ್ಲಷ್ಟೇ ಹೆಸರು ಪಡೆದ ಈ ಗಡ್ಡೆ ಮೇಲ್ಗಡೆ ಬಹಳ ಸಾಧುವಾಗಿ ಕಾಣುತ್ತದೆ. ಸಣ್ಣ ಸಣ್ಣ ಚೀಲಗಳು, ಬಾಲ ಇರುವ ಪುಟ್ಟ ನಾಳಗಳು, ಜೀವಕೋಶಗಳಲ್ಲೂ ಹೇಳಿಕೊಳ್ಳುವಂಥ ವಿಕಾರ ಇರುವುದಿಲ್ಲ. ಸಿರಿಂಗೋಮಾದಲ್ಲೂ ಇದೇ ಚಿತ್ರ. ಮೇಲಿಂದ ಹೆರೆದು ತೆಗೆದ ತೆಳು ತುಣುಕು ಬಂದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಆಳಕ್ಕೆ ಹೋದರೆ ಕಥೆ ಬೇರೆ: ಅದೇ ನಾಳಗಳು ಸಣ್ಣ ಎಳೆಗಳಾಗಿ ಕೊಬ್ಬಿನ ಪದರ, ಸ್ನಾಯು ಎಲ್ಲ ದಾಟಿ ಇಳಿದಿರುತ್ತವೆ, ಎಷ್ಟೋ ಸಲ ನರವೊಂದನ್ನು ಸುತ್ತಿಕೊಂಡು ಅದರ ಜೊತೆಗೇ ದೂರ ಹೋಗಿರುತ್ತವೆ. ಕೆಲವರಿಗೆ ಆ ಜಾಗದಲ್ಲಿ ಜೋಮು, ಉರಿ ಇರುವುದು ಇದಕ್ಕೇ. ತಾಯಿಗೆ ಹಾಗೇನಾದರೂ ಇದೆಯಾ ಕೇಳಿ, ಇದ್ದರೆ ಸರ್ಜನ್‌ಗೆ ತಪ್ಪದೆ ಹೇಳಿ.

ಬೆವರು ಗ್ರಂಥಿಯ ಕ್ಯಾನ್ಸರ್ ಅಂದರೆ ಒಂದೇ ಕಾಯಿಲೆ ಅಲ್ಲ. ಪೋರೋಕಾರ್ಸಿನೋಮಾ ಅನ್ನುವ ಬಗೆ ಜಾಸ್ತಿ ವಯಸ್ಸಾದವರ ಕಾಲಲ್ಲಿ ಕಾಣುತ್ತದೆ, ದುಗ್ಧರಸ ಗ್ರಂಥಿಗೆ (ಲಿಂಫ್ ನೋಡ್) ಹರಡುವ ಸ್ವಭಾವ ಅದಕ್ಕಿದೆ. ಬೆರಳಲ್ಲಿ ಬರುವ ಇನ್ನೊಂದು ಬಗೆ ಶ್ವಾಸಕೋಶಕ್ಕೆ ಹೋಗಬಹುದು. ಹಾಗಾಗಿ ನೆಟ್‌ನಲ್ಲಿ ಒಂದರ ಬಗ್ಗೆ ಓದಿ ಇನ್ನೊಂದಕ್ಕೆ ಸುಮ್ನೆ ಹೆದರಬೇಡಿ.

ನಮಗೆ ತಲೆನೋವು ತರುವ ಇನ್ನೊಂದು ಪ್ರಶ್ನೆ ಇದೆ. ಇದು ಚರ್ಮದಲ್ಲೇ ಹುಟ್ಟಿದ್ದಾ, ಬೇರೆ ಕಡೆಯಿಂದ ಬಂದದ್ದಾ? ಸ್ತನ ಕ್ಯಾನ್ಸರ್ ಚರ್ಮಕ್ಕೆ ಹರಡಿದರೆ ಕೆಲವು ಸಲ ಥೇಟ್ ಬೆವರು ಗ್ರಂಥಿಯ ಗಡ್ಡೆಯ ಹಾಗೇ ಕಾಣುತ್ತದೆ. ಅದಕ್ಕೇ ಇಮ್ಯುನೋ ಸ್ಟೇನ್, ಅಂದರೆ ಜೀವಕೋಶದ ನಿರ್ದಿಷ್ಟ ಪ್ರೋಟೀನುಗಳನ್ನು ಗುರುತಿಸುವ ಬಣ್ಣ, ಹಾಕುತ್ತೇವೆ. ಪಿ63 ಅನ್ನುವ ಪ್ರೋಟೀನು ಬಣ್ಣ ಹಿಡಿದರೆ ಚರ್ಮದ್ದೇ ಇರುವ ಸಾಧ್ಯತೆ ಜಾಸ್ತಿ, ಆದರೆ ಅದೊಂದನ್ನೇ ನೆಚ್ಚಿಕೊಳ್ಳೋಕೆ ಆಗಲ್ಲ. ಡಾಕ್ಟರು ಸ್ತನ ಪರೀಕ್ಷೆ, ಸ್ಕ್ಯಾನ್ ಬರೆದುಕೊಟ್ಟರೆ ಹಣ ಕೀಳೋಕೆ ಅಂದುಕೊಳ್ಳಬೇಡಿ.

ಇನ್ನು ಚಿಕಿತ್ಸೆ. ಮುಖ್ಯವಾದದ್ದು ಸರ್ಜರಿಯೇ, ಕೀಮೋ ಅಲ್ಲ. ಇಷ್ಟು ಅಪರೂಪದ ಕಾಯಿಲೆಗೆ 'ಇದೇ ಔಷಧಿ' ಅಂತ ಗಟ್ಟಿಯಾಗಿ ಹೇಳುವ ಕೀಮೋ ಕ್ರಮ ಇಲ್ಲ, ದೂರಕ್ಕೆ ಹರಡಿದ್ದರೆ ಮಾತ್ರ ಆ ಮಾತು ಬರುತ್ತದೆ, ಮತ್ತು ನಿಮ್ಮ ತಾಯಿಗಿರುವ ಬಗೆ ಹಾಗೆ ಹರಡುವುದು ತೀರಾ ಕಡಿಮೆ. ಅದರ ಕಾಟ ಇರುವುದು ಅದೇ ಜಾಗದಲ್ಲಿ. ಕಣ್ಣಿಗೆ ಕಾಣುವ ಗಂಟಿಗಿಂತ ಚರ್ಮದಡಿ ಹಬ್ಬಿರುವುದು ಎಷ್ಟೋ ಜಾಸ್ತಿ. ಸಾಮಾನ್ಯ ಆಪರೇಷನ್ನಿನಲ್ಲಿ ಅಂಚಿನ ಕೆಲವು ಸೀಳುಗಳನ್ನಷ್ಟೇ ನಾವು ನೋಡುತ್ತೇವೆ. ಮೋಸ್ ಸರ್ಜರಿಯಲ್ಲಿ ಪದರ ಪದರವಾಗಿ ತೆಗೆದು, ಸುತ್ತಲಿನ ಅಂಚು ಮತ್ತು ತಳವನ್ನು ಪೂರ್ತಿ ಆಗಲೇ ಮೈಕ್ರೋಸ್ಕೋಪಿನಲ್ಲಿ ನೋಡಿ, ಉಳಿದಿದ್ದ ಕಡೆ ಮಾತ್ರ ಮತ್ತೆ ತೆಗೆಯುತ್ತಾರೆ. ಮುಖದ ಮೇಲೆ ಇದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಸಿಗದಿದ್ದರೆ, ಅಂಚಿನ ರಿಪೋರ್ಟ್ ಪೂರ್ತಿ ಬರುವವರೆಗೆ ಗಾಯ ಮುಚ್ಚುವ ದೊಡ್ಡ ಪ್ಲಾಸ್ಟಿಕ್ ಸರ್ಜರಿ ತಡೆಹಿಡಿಯೋಕೆ ಆಗುತ್ತಾ ಅಂತ ಕೇಳಿ. ಅಂಚಿನಲ್ಲಿ ಗಡ್ಡೆ ಉಳಿದು ಮತ್ತೆ ತೆಗೆಯೋಕೆ ಆಗದಿದ್ದರೆ, ಅಥವಾ ನರಕ್ಕೆ ತಗುಲಿದ್ದರೆ, ರೇಡಿಯೇಷನ್ ಬಗ್ಗೆ ಯೋಚಿಸುತ್ತಾರೆ. ಎಷ್ಟೋ ವರ್ಷ ಆದಮೇಲೂ ಮರಳಿ ಬರುವ ಗಡ್ಡೆ ಇದು, ಚೆಕಪ್ ಬಿಡುವ ಹಾಗಿಲ್ಲ.

ಆಪರೇಷನ್‌ಗೆ ಮುಂಚೆ ಇನ್ನೊಬ್ಬರ ಅಭಿಪ್ರಾಯ ತಗೊಳ್ಳಿ, ಚರ್ಮದ ಪೆಥಾಲಜಿಯನ್ನೇ ನೋಡುವವರಾದರೆ ಇನ್ನೂ ಒಳ್ಳೆಯದು. ಬರೀ ರಿಪೋರ್ಟಿನ ಹಾಳೆ ಹಿಡಿದು ಹೋಗಬೇಡಿ. ಲ್ಯಾಬಿನಿಂದ ಎರಡೂ ಬಯಾಪ್ಸಿಯ ಸ್ಲೈಡು, ಜೊತೆಗೆ ಮೇಣದ ಬ್ಲಾಕು (ಬಯಾಪ್ಸಿ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟದ್ದು) ಕೇಳಿ ಪಡೆಯಿರಿ. ಹೊಸ ಸ್ಟೇನ್ ಹಾಕಬೇಕು ಅಂದರೆ ಬ್ಲಾಕ್ ಇಲ್ಲದೆ ಅವರೂ ಏನೂ ಮಾಡೋಕೆ ಆಗಲ್ಲ.